ಸೋತರೆ ಲಾಭ ಯಾರಿಗೆ?

ಪ್ರಶ್ನೆ: ಒಳ್ಳೆಯ ಹೊಸ ಆಟಗಾರ ಸಿಗಲಿ ಅಂತ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡಗಳು ಬೇಕಂತಲೇ ಸೋಲುತ್ತವಂತೆ. ಲಾಟರಿ ಇದ್ದರೂ ಯಾಕೆ ನಿಲ್ಲುವುದಿಲ್ಲ? ನಮ್ಮ ಆರ್‌ಸಿಬಿಗೆ ಆ ಆಸೆ ಯಾಕಿಲ್ಲ?
– ಬ್ಯಾಸ್ಕೆಟ್‌ಬಾಲ್ ಅಭಿಮಾನಿ, ಮಲ್ಲೇಶ್ವರ

ಉತ್ತರ: ಆರ್‌ಸಿಬಿ ವಿಷಯ ಸುಲಭ. ಐಪಿಎಲ್‌ನಲ್ಲಿರುವುದು ಹರಾಜು. 2019ರಲ್ಲಿ ತಂಡ ಕೊನೆಯ ಸ್ಥಾನಕ್ಕೆ ಇಳಿದದ್ದಕ್ಕೆ ಯಾರೂ ಹೆಚ್ಚುವರಿ ದುಡ್ಡು ಕೊಡಲಿಲ್ಲ.

ಎನ್‌ಬಿಎಯಲ್ಲಿ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆಯ್ಕೆ ಮಾಡಿಕೊಳ್ಳುತ್ತವೆ; ಮೊದಲ ಸರದಿಗಳು ಯಾರಿಗೆ ಅನ್ನುವುದನ್ನು ಲಾಟರಿ ತೀರ್ಮಾನಿಸುತ್ತದೆ. ಅದಕ್ಕೆ 14 ಚೆಂಡುಗಳಿಂದ 4 ತೆಗೆಯುತ್ತಾರೆ. ಯಾವುದು ಮೊದಲು ಬಂತು ಅನ್ನುವುದು ಲೆಕ್ಕಕ್ಕಿಲ್ಲವಾದ್ದರಿಂದ 1001 ಜೋಡಣೆಗಳಾಗುತ್ತವೆ. ಒಂದನ್ನು ಕೈಬಿಟ್ಟು ಉಳಿದ ಸಾವಿರವನ್ನು ತಂಡಗಳಿಗೆ ಹಂಚುತ್ತಾರೆ; ಹೆಚ್ಚು ಜೋಡಣೆ ಇದ್ದರೆ ಹೆಚ್ಚು ಅವಕಾಶ. 2018ರವರೆಗೆ ತೀರಾ ಕೊನೆಯ ತಂಡಕ್ಕೆ 250 ಸಿಗುತ್ತಿದ್ದವು. 2019ರ ಸುಧಾರಣೆಯಲ್ಲಿ ಕೊನೆಯ ಮೂರಕ್ಕೂ ತಲಾ 140 ಮಾಡಿದರು. ಕಟ್ಟಕಡೆಗೆ ಬೀಳುವ ಪೈಪೋಟಿಯೇನೋ ತಗ್ಗಿತು. ಆದರೆ ಕೆಳಗಿನಿಂದ ನಾಲ್ಕನೆಯದಕ್ಕೆ 125, ಐದನೆಯದಕ್ಕೆ 105. ಇಳಿಜಾರು ಹಾಗೇ ಉಳಿಯಿತು.

ನಿಜವಾದ ತೂತು ಇನ್ನೊಂದು ಕಡೆ. 2023ರಲ್ಲಿ ಡಲ್ಲಾಸ್ ತಂಡದ ಆಯ್ಕೆಯ ಸರದಿ ಮೊದಲ 10ರೊಳಗೆ ಬಾರದಿದ್ದರೆ, ಹಿಂದಿನ ಒಪ್ಪಂದದ ಷರತ್ತಿನಂತೆ ಅದು ನ್ಯೂಯಾರ್ಕ್ ತಂಡದ ಪಾಲಾಗುತ್ತಿತ್ತು. ಪ್ಲೇಆಫ್ ಆಸೆ ಇನ್ನೂ ಇದ್ದಾಗಲೇ ಷಿಕಾಗೊ ವಿರುದ್ಧ ಪ್ರಮುಖರನ್ನು ಕೂರಿಸಿದರು; ದಂಡ 7.5 ಲಕ್ಷ ಡಾಲರ್. ಆಯ್ಕೆ ಮಾತ್ರ ಕೈತಪ್ಪಲಿಲ್ಲ! ಇಂಥ ಷರತ್ತುಗಳನ್ನು ಬಿಗಿ ಮಾಡದೆ ಚೆಂಡು ಎಣಿಸಿ ಪ್ರಯೋಜನ ಕಡಿಮೆ.

ಅಮೆರಿಕ–ಕೆನಡಾದ ಮಹಿಳಾ ಐಸ್ ಹಾಕಿ ಲೀಗ್ ಪಿಡಬ್ಲ್ಯೂಎಚ್‌ಎಲ್‌ನ ದಾರಿ ವಾಸಿ: ಪ್ಲೇಆಫ್‌ನಿಂದ ಹೊರಬಿದ್ದ ಮೇಲೆ ಹೆಚ್ಚು ಅಂಕ ಗಳಿಸಿದ ತಂಡಕ್ಕೆ ಮೊದಲ ಆಯ್ಕೆ. ಬೇಗ ಹೊರಬಿದ್ದವರಿಗೆ ಗಳಿಸಲು ಹೆಚ್ಚು ಪಂದ್ಯ ಸಿಗುತ್ತವೆ. ಹಾಗಂತ ಋತುವಿನ ಆರಂಭದಲ್ಲೇ ಸೋಲಲು ಹೊರಟರೆ ಅದನ್ನು ಈ ನಿಯಮವೂ ತಡೆಯದು.