ಮೆಸೇಜು ಬಸುರಿಯ ಕೈಗೇ ತಲುಪಬೇಕು

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಆಶಾ ಕಾರ್ಯಕರ್ತೆ. ನಮ್ಮೂರಿನ ಬಸುರಿಯರಿಗೆ ಮೊಬೈಲ್‌ನಲ್ಲಿ ಆರೋಗ್ಯದ ಮೆಸೇಜು ಕಳಿಸಬೇಕು ಅಂದುಕೊಂಡಿದ್ದೇನೆ. ಮನೆಗೆ ಹೋದರೆ ಎಷ್ಟೋ ಜನ ಹೊಲಕ್ಕೆ ಹೋಗಿರುತ್ತಾರೆ, ಸಿಗುವುದೇ ಇಲ್ಲ. ಆದರೆ ಅರ್ಧ ಮನೆಗಳಲ್ಲಿ ಫೋನು ಗಂಡನ ಹತ್ತಿರ ಇರುತ್ತದೆ. ಕೆಲವರಿಗೆ ಓದಲು ಬರುವುದಿಲ್ಲ. ಇದರಿಂದ ಉಪಯೋಗ ಆಗುತ್ತದಾ? ಏನಂತ ಬರೆಯಲಿ?
– ಆಶಾ ಕಾರ್ಯಕರ್ತೆ, ಕುಷ್ಟಗಿ ತಾಲ್ಲೂಕು

ಉತ್ತರ: ಖಂಡಿತ ಉಪಯೋಗ ಆಗುತ್ತದೆ. ಆದರೆ ಮೆಸೇಜು ಕಳಿಸಿ ಸುಮ್ಮನಾದರೆ ಆಗುವುದಿಲ್ಲ. ಓದಿದವಳು ತಿರುಗಿ ಕೇಳುವಂತಿರಬೇಕು.

ಆಫ್ರಿಕಾದ ಜಾಂಜಿಬಾರ್ ದ್ವೀಪದಲ್ಲಿ 2009ರ ಹೊತ್ತಿಗೆ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಬಸುರಿಯರಿಗೆ ಎಸ್‌ಎಂಎಸ್ ಕಳಿಸಿದರು, ಜೊತೆಗೆ ಆಸ್ಪತ್ರೆಗೆ ಫೋನ್ ಮಾಡಲು ಕರೆನ್ಸಿಯನ್ನೂ ಕೊಟ್ಟರು. ಆ ಗುಂಪಿನಲ್ಲಿ ನೂರಕ್ಕೆ 60 ಹೆಂಗಸರು ತರಬೇತಾದವರ ಕೈಯಲ್ಲಿ ಹೆರಿಗೆ ಮಾಡಿಸಿಕೊಂಡರು. ಉಳಿದವರಲ್ಲಿ ಅದು 47. ಆ ಕರೆನ್ಸಿಯದೇ ದೊಡ್ಡ ಪಾಲು ಅಂತ ನನ್ನ ಅಭಿಪ್ರಾಯ. ಹೆದರಿಕೆ ಆದಾಗ ಕೇಳಲು ಒಬ್ಬರಿದ್ದಾರೆ ಅನ್ನುವುದೇ ಬಸುರಿಗೆ ಎಷ್ಟೋ ಧೈರ್ಯ, ಅಲ್ವಾ? ಹಾಗಾಗಿ ಪ್ರತಿ ಮೆಸೇಜಿನ ಕೊನೆಗೆ ನಿಮ್ಮ ಹೆಸರು ಹಾಕಿ, 'ಮಿಸ್ಡ್ ಕಾಲ್ ಕೊಡಿ, ನಾನೇ ಮಾಡುತ್ತೇನೆ' ಅಂತ ಬರೆಯಿರಿ.

ಇನ್ನು ಫೋನು ಯಾರ ಹತ್ತಿರ ಇದೆ ಅನ್ನುವ ಮಾತು. ಮುಖ್ಯವಾದದ್ದೇ ಇದು. ತಾಯಿ ಕಾರ್ಡ್ ಮಾಡಿಸುವಾಗ ಒಂದು ನಂಬರ್ ಬರೆಸುತ್ತಾರಲ್ಲ, ಅದು ಬಹಳ ಸಲ ಗಂಡನದೇ ಆಗಿರುತ್ತದೆ. ಅವನು ಬೆಂಗಳೂರಿಗೋ ಮಂಗಳೂರಿಗೋ ದುಡಿಯಲು ಹೋಗಿದ್ದರೆ ನಿಮ್ಮ ಮೆಸೇಜೂ ಅಲ್ಲೇ. ನೋಂದಣಿ ದಿನವೇ ಅವಳನ್ನು ಬೇರೆಯಾಗಿ ಕೇಳಿ: ದಿನವೂ ನಿಮ್ಮ ಕೈಗೆ ಸಿಗುವ ಫೋನು ಯಾವುದು? ಅತ್ತೆಯದಾ, ಮೈದುನನದಾ, ಪಕ್ಕದ ಮನೆಯದಾ? ಅದರ ನಂಬರ್ ಬರೆದುಕೊಳ್ಳಿ. ಗಂಡನಿಗೂ ಕಳಿಸಿ, ತಪ್ಪೇನಿಲ್ಲ. ಹೆಂಡತಿಯ ಬಿ.ಪಿ. ವಿಷಯ ಅವನಿಗೂ ತಿಳಿದಿರಲಿ.

ಏಳನೇ ತಿಂಗಳಿಗೆ ಮತ್ತೊಮ್ಮೆ ನಂಬರ್ ಕೇಳಬೇಕು. ಕುಬುಸ ಮುಗಿಸಿ ತವರಿಗೆ ಹೋಗುತ್ತಾರೆ. ನೀವು ಅಲ್ಲಿಯವರೆಗೆ ಹೋಗಲಾರಿರಿ, ಅಲ್ಲಿಯ ಆಶಾಗೆ ಇವಳ ಪರಿಚಯ ಇರುವುದಿಲ್ಲ. ನಾನು ಉಪಕೇಂದ್ರದಲ್ಲಿದ್ದಾಗ ಇದೇ ನನ್ನ ದೊಡ್ಡ ಚಿಂತೆ. ಆರು ತಿಂಗಳು ಕಣ್ಣಿಟ್ಟು ನೋಡಿಕೊಂಡ ಹುಡುಗಿ ಕೊನೆಯ ಹೊತ್ತಿಗೆ, ಅಂದರೆ ತಾಪತ್ರಯ ಬರುವ ಹೊತ್ತಿಗೇ, ಕಣ್ಮರೆ. ಈಗ ನಿಮ್ಮ ಮೆಸೇಜು ಅವಳ ಹಿಂದೆ ತವರಿಗೂ ಹೋಗುತ್ತದೆ. ಅವಳ ತಾಯಿಯ ನಂಬರ್ ಮಾತ್ರ ನಿಮ್ಮ ಹತ್ತಿರ ಇರಬೇಕು.

ಬರೆಯುವಾಗ ಒಂದು ಮೆಸೇಜಿಗೆ ಒಂದೇ ಮಾತು. ಇಂಗ್ಲಿಷ್‌ನಲ್ಲಾದರೆ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಸುತ್ತವೆ. ಕನ್ನಡದಲ್ಲಿ 70 ಮಾತ್ರ, ಅದರಲ್ಲೂ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕಕ್ಕೆ ಬರುತ್ತವೆ. ಉದ್ದ ಬರೆದರೆ ಎರಡು ಮೂರು ಮೆಸೇಜಿನ ಲೆಕ್ಕ. 'ಪೌಷ್ಟಿಕ ಆಹಾರ ಸೇವಿಸಿ' ಅಂತ ಬರೆಯಬೇಡಿ, ಅದನ್ನು ಗೋಡೆಯ ಮೇಲೆ ಓದಿ ಓದಿ ಎಲ್ಲರಿಗೂ ಸಾಕಾಗಿದೆ. ಅವಳ ತಲೆಯಲ್ಲಿ ಓಡುತ್ತಿರುವುದಕ್ಕೆ ಉತ್ತರ ಕೊಡಿ. ಕಬ್ಬಿಣಾಂಶದ ಗುಳಿಗೆ ಶುರು ಮಾಡಿದ ಮೇಲೆ ಮಲ ಕಪ್ಪಾಗುತ್ತದೆ. ಹೆದರಿ ನಿಲ್ಲಿಸಿಬಿಡುತ್ತಾರೆ, ನಿಮ್ಮ ಮುಂದೆ ಮಾತ್ರ ತಗೊಳ್ತಿದ್ದೀನಿ ಅನ್ನುತ್ತಾರೆ. ಆಗ ಹೀಗೆ ಬರೆಯಿರಿ:

'ಗುಳಿಗೆಯಿಂದ ಮಲ ಕಪ್ಪಾಗುತ್ತೆ. ಹೆದರಬೇಡಿ, ಬಿಡಬೇಡಿ.'

ಮರುವಾರ ಇನ್ನೊಂದು: 'ಗುಳಿಗೆ ಜೊತೆ ಚಹಾ ಬೇಡ. ಕ್ಯಾಲ್ಸಿಯಂ ಬೇರೆ ಹೊತ್ತಿಗೆ.'

ಎಲ್ಲರಿಗೂ ಒಂದೇ ಮೆಸೇಜು ಒಟ್ಟಿಗೆ ಕಳಿಸುವುದು ಸುಲಭ, ಆದರೆ ಉಪಯೋಗ ಕಡಿಮೆ. ಮೂರು ತಿಂಗಳವಳಿಗೆ ಹೆರಿಗೆ ನೋವಿನ ಮಾತು ಯಾಕೆ? ತಿಂಗಳು ನೋಡಿ ಕಳಿಸಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ ಇರುತ್ತದಲ್ಲ, 8ರ ಸಂಜೆ ನೆನಪು ಮಾಡಿ. ದಿನ ತುಂಬುತ್ತಿರುವವರಿಗೆ ಒಂದನ್ನು ಮಾತ್ರ ತಪ್ಪಿಸಬೇಡಿ: ವಿಪರೀತ ತಲೆನೋವು, ಕಣ್ಣು ಮಂಜು, ಮುಖ ಬಾವು, ರಕ್ತ ಅಥವಾ ನೀರು ಹೋಗುವುದು, ಕೂಸಿನ ಅಲುಗಾಟ ಕಡಿಮೆ ಆಗುವುದು – ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ. ಇದು ಉದ್ದವಾದರೂ ಪರವಾಗಿಲ್ಲ.

ಓದಲು ಬಾರದವರಿಗೆ ನಿಮ್ಮ ದನಿಯನ್ನೇ ಕಳಿಸಿ. ಕೇಂದ್ರ ಸರ್ಕಾರದ 'ಕಿಲ್ಕಾರಿ' ಯೋಜನೆ 2016ರಲ್ಲಿ ಶುರುವಾದಾಗ ಅಕ್ಷರ ಬಿಟ್ಟು ದನಿಯನ್ನೇ ಆರಿಸಿಕೊಂಡಿತು. ನಾಲ್ಕನೇ ತಿಂಗಳಿಂದ ಮಗುವಿಗೆ ವರ್ಷ ತುಂಬುವವರೆಗೆ ವಾರಕ್ಕೊಂದರಂತೆ 72 ಕರೆ. ನಿಮಗೆ ಅಷ್ಟು ಬೇಕಾಗಿಲ್ಲ. ವಾಟ್ಸಾಪ್‌ನಲ್ಲಿ ಅರ್ಧ ನಿಮಿಷ ನಿಮ್ಮೂರ ಮಾತಿನಲ್ಲೇ ಹೇಳಿ ಕಳಿಸಿ. ಸ್ಪೀಕರ್ ಹಾಕಿದರೆ ಅತ್ತೆಯೂ ಕೇಳುತ್ತಾರೆ. ಗುಳಿಗೆ ತಿಂದರೆ ಕೂಸು ದಪ್ಪ ಆಗಿ ಹೆರಿಗೆ ಕಷ್ಟ ಅಂತ ಹೇಳುವವರು ಎಷ್ಟೋ ಸಲ ಅವರೇ ತಾನೆ?

ಆದರೆ ಎಲ್ಲರನ್ನೂ ಸೇರಿಸಿ ವಾಟ್ಸಾಪ್ ಗ್ರೂಪ್ ಮಾಡಬೇಡಿ. ಮೊದಲ ಮೂರು ತಿಂಗಳು ಎಷ್ಟೋ ಜನ ಸುದ್ದಿಯನ್ನು ಮನೆಯ ಹೊರಗೆ ಬಿಡುವುದಿಲ್ಲ. ರಕ್ತ ಪರೀಕ್ಷೆಯ ರಿಪೋರ್ಟು ಅಂತೂ ಯಾರ ಫೋನಿಗೂ ಹಾಕಕೂಡದು. ಎದುರಿಗೆ ಕೂತು ಹೇಳಿ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಯಾರಿಗಾದರೂ ಗರ್ಭ ನಿಲ್ಲದಿದ್ದರೆ, ಕೂಸು ಹೋದರೆ, ಅವತ್ತೇ ಆ ನಂಬರನ್ನು ಪಟ್ಟಿಯಿಂದ ತೆಗೆಯಿರಿ. ನನಗೆ ಗೊತ್ತಿರುವ ಒಬ್ಬ ಹುಡುಗಿಗೆ ಐದನೇ ತಿಂಗಳಲ್ಲಿ ಹಾಗಾಯಿತು. ಅವಳೇ ಎಂದೋ ಹಾಕಿಕೊಂಡಿದ್ದ ಆ್ಯಪ್‌ನಿಂದ ವಾರ ವಾರ 'ನಿಮ್ಮ ಮಗು ಈಗ ಇಷ್ಟು ಬೆಳೆದಿದೆ' ಅಂತ ಬರುತ್ತಲೇ ಇತ್ತು. ಫೋನು ಟಿಣ್ ಅಂದರೆ ಸಾಕು, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ದಕ್ಷಿಣ ಆಫ್ರಿಕಾ ಸರ್ಕಾರ 2014ರಲ್ಲಿ ಶುರು ಮಾಡಿದ 'ಮಾಮ್‌ಕನೆಕ್ಟ್'ನಲ್ಲಿ ಮಗು ಕಳೆದುಕೊಂಡವರಿಗೆ ಮಾಮೂಲಿ ಮೆಸೇಜು ನಿಲ್ಲಿಸಿ, ಸಮಾಧಾನದ ಮಾತು ಕಳಿಸುವ ವ್ಯವಸ್ಥೆ ಇಟ್ಟರು. ನೀವು ಮೆಸೇಜು ಬಿಟ್ಟು ಅವಳ ಮನೆಗೇ ಹೋಗಿ ಬನ್ನಿ.

ಮಾತೃವಂದನಾ ಯೋಜನೆಯ ದುಡ್ಡು ಬಂದಿದೆ, ಒಟಿಪಿ ಹೇಳಿ ಅಂತ ಮೋಸದ ಫೋನುಗಳೂ ಬರುತ್ತವೆ. ನಿಮ್ಮ ಮೊದಲ ಮೆಸೇಜಿನಲ್ಲೇ 'ನಾನು ಯಾವತ್ತೂ ಒಟಿಪಿ ಕೇಳುವುದಿಲ್ಲ' ಅಂತ ಬರೆದುಬಿಡಿ. ಇಲ್ಲದಿದ್ದರೆ ನಿಮ್ಮ ಹೆಸರು ಹೇಳಿಕೊಂಡೇ ಯಾರೋ ಕೇಳುತ್ತಾರೆ.

ರೀಚಾರ್ಜ್ ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇದಕ್ಕಂತ ಜಾಸ್ತಿ ಪ್ಯಾಕ್ ಹಾಕಿಸಬೇಡಿ. ನಿಮಗೆ ಬರುವ ಗೌರವಧನ ನನಗೆ ಗೊತ್ತು. ಬೇಕೇ ಬೇಕು ಅನ್ನಿಸಿದರೆ ತಿಂಗಳ ಸಭೆಯಲ್ಲಿ ವೈದ್ಯಾಧಿಕಾರಿಗಳ ಮುಂದೆ ವಿಷಯ ಎತ್ತಿ. ಒಬ್ಬರೇ ಬೇಡ, ನಾಲ್ಕು ಆಶಾಗಳು ಸೇರಿ ಅರ್ಜಿ ಬರೆದುಕೊಡಿ.