ಮಳೆಗಾಲಕ್ಕೆ ವಾಕಿಂಗ್ ನಿಂತಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ವಯಸ್ಸು 43. ಸುರತ್ಕಲ್‌ನಿಂದ ದಿನಾ ಬಸ್ಸಲ್ಲಿ ಹಂಪನಕಟ್ಟೆಗೆ ಹೋಗುವ ಬ್ಯಾಂಕ್ ಉದ್ಯೋಗಿ. ಮೇ ತನಕ ಬೆಳಿಗ್ಗೆ ವಾಕಿಂಗ್ ಇರುತ್ತದೆ. ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಎಲ್ಲವೂ ಬಂದ್. ಜಿಮ್‌ಗೆ ಪುರುಸೊತ್ತಿಲ್ಲ. ಮನೆಯೊಳಗೇ ಏನು ಮಾಡಬಹುದು?
– ಓದುಗಿ, ಸುರತ್ಕಲ್

ಉತ್ತರ: ವಾಕಿಂಗ್‌ನಿಂದ ಅಷ್ಟಾಗಿ ಸಿಗದ ಸ್ನಾಯುಬಲವನ್ನು ಈ ನಾಲ್ಕು ತಿಂಗಳಲ್ಲಿ ಗಳಿಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಜೊತೆಗೆ, ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಿ ಎನ್ನುತ್ತದೆ. ಆ ಎರಡನೆಯ ಭಾಗವನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ನಲವತ್ತರ ನಂತರ ಸ್ನಾಯು ಕರಗುತ್ತಾ ಹೋಗುವುದರಿಂದ ಬಿಡಬಾರದ ಭಾಗವೇ ಅದು.

ಕೈಯಿಲ್ಲದ ಮರದ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಡಿ. ಚಕ್ರದ ಕುರ್ಚಿ ಬೇಡ, ಹಿಂದಕ್ಕೆ ಜಾರುತ್ತದೆ. ಮಳೆಗಾಲದಲ್ಲಿ ಟೈಲ್ಸ್ ನೆಲ ಬೆವರುವುದರಿಂದ ಮೊದಲು ಒರೆಸಿಕೊಳ್ಳಿ, ಸಾಕ್ಸ್ ಹಾಕಬೇಡಿ. ಕುರ್ಚಿಯ ಮುಂದೆ ಪಾದಗಳನ್ನು ಸೊಂಟದಷ್ಟು ಅಗಲಿಸಿ ನಿಂತು, ಮೂರು ಎಣಿಸುತ್ತಾ ನಿಧಾನ ಕೆಳಗಿಳಿಯಿರಿ. ಸೀಟಿಗೆ ತಾಗಿದ ಕೂಡಲೇ, ಭಾರ ಬಿಡದೆ, ಕೈ ಊರದೆ ಏಳಿ. 8ರಿಂದ 10 ಸಲ ಮಾಡಿ, ಒಂದು ನಿಮಿಷ ಸುಧಾರಿಸಿಕೊಂಡು ಇನ್ನೊಂದು ಸುತ್ತು. ಇಳಿಯುವಾಗ ದೊಪ್ಪನೆ ಕೂತುಬಿಟ್ಟರೆ ಅರ್ಧ ಲಾಭ ಹೋಯಿತು, ಏಕೆಂದರೆ ಏಳುವಾಗ ಮಾತ್ರವಲ್ಲ, ನಿಧಾನವಾಗಿ ಇಳಿಯುವಾಗಲೂ ತೊಡೆಗೆ ಕೆಲಸ ಬೀಳುತ್ತದೆ. ಮೊಣಕಾಲುಗಳು ಒಳಕ್ಕೆ ವಾಲುತ್ತಿದ್ದರೆ ಎರಡನೇ ಬೆರಳಿನ ದಿಕ್ಕಿಗೆ ತಂದುಕೊಳ್ಳಿ. ಉಸಿರು ಕಟ್ಟಬೇಡಿ, ಆ ಹೊತ್ತಿಗೆ ರಕ್ತದೊತ್ತಡ ಏರುತ್ತದೆ. ಏಳುವಾಗ ಉಸಿರು ಬಿಡಿ.

ಆಮೇಲೆ ಅಡುಗೆಮನೆಯ ಕಟ್ಟೆಗೆ ಕೈಯೂರಿ ಪುಷ್‌ಅಪ್, 8 ಸಲ. ಕಷ್ಟವಾದರೆ ಗೋಡೆಗೆ ಕೈಯೂರಿ ಶುರುಮಾಡಿ. ಕೊನೆಗೆ ಎರಡು ಲೀಟರ್ ನೀರಿನ ಬಾಟಲಿ ತುಂಬಿದ ಚೀಲ ತೆಗೆದುಕೊಳ್ಳಿ. ಒಂದು ಕೈಯನ್ನು ಕುರ್ಚಿಗೆ ಊರಿ, ಬೆನ್ನು ನೇರವಿಟ್ಟು ಬಾಗಿ, ಇನ್ನೊಂದು ಕೈಯಿಂದ ಚೀಲವನ್ನು ಸೊಂಟದ ತನಕ ಎಳೆಯಿರಿ. ಒಂದೊಂದು ಬದಿಗೆ ಹತ್ತು ಸಲ. ಎರಡು ಸುತ್ತು ಮುಗಿಯಲು ಹದಿನೈದು ನಿಮಿಷ ಸಾಕು. ಸೋಮವಾರ, ಗುರುವಾರ ಎಂದು ದಿನ ಗೊತ್ತುಮಾಡಿಕೊಳ್ಳಿ. 12 ಸಲ ಸಲೀಸಾದರೆ ಚೀಲಕ್ಕೆ ಇನ್ನೊಂದು ಬಾಟಲಿ ಸೇರಿಸಿ. ಮಾರನೆಯ ದಿನ ತೊಡೆ ನೋಯುವುದು ಸಹಜ, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಕೀಲಿನಲ್ಲಿ ಚುಚ್ಚಿದಂತಾದರೆ ಮಾತ್ರ ಅಲ್ಲಿಗೇ ನಿಲ್ಲಿಸಿ.

ನಡಿಗೆಯನ್ನು ಪೂರ್ತಿ ಬಿಡಬೇಕಾಗಿಲ್ಲ. ಮಳೆ ಹೊಳವಾದ ದಿನ ಲಾಲ್‌ಬಾಗ್‌ನಲ್ಲೇ ಬಸ್ಸಿಳಿದು ಬಿರುಸಾಗಿ ನಡೆಯಿರಿ. ಐದೈದು ನಿಮಿಷದ ನಡಿಗೆಯೂ ಲೆಕ್ಕಕ್ಕೆ ಬರುತ್ತದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು: ವೇಗದ ಅಳತೆ ಅಷ್ಟೇ.

ಪ್ರಶ್ನೆ: ತೂಕ ಇಳಿಸಲು ರಾತ್ರಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಸುಟ್ಟ ಒಣಮೀನು ಮಾತ್ರ ತಿನ್ನುತ್ತಿದ್ದೇನೆ. ಸರಿಯೇ? ಬಿಪಿ ಸ್ವಲ್ಪ ಜಾಸ್ತಿ ಇದೆ.
– ಓದುಗ, ಕಾಪು

ಉತ್ತರ: ಗಂಜಿಯಿಂದ ತೊಂದರೆಯಿಲ್ಲ, ತೊಂದರೆ ಇರುವುದು ಅದರ ಜೊತೆಗಿರುವ ಉಪ್ಪಿನಲ್ಲಿ. ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಉಪ್ಪು ಇರಬೇಕು. ಉಪ್ಪಿನಕಾಯಿ, ಒಣಮೀನು ಎರಡೂ ಬಟ್ಟಲ ಪಕ್ಕ ಕೂತರೆ ಆ ಮಿತಿ ಮೀರುವುದು ಸುಲಭ. ಒಣಮೀನನ್ನು ವಾರಕ್ಕೊಮ್ಮೆಗೆ ಇಳಿಸಿ, ನೀರಲ್ಲಿ ನೆನೆಸಿ ಆ ನೀರು ಚೆಲ್ಲಿ. ಉಳಿದ ದಿನ ಹೆಸರುಕಾಳು ಪಲ್ಯ ಅಥವಾ ಬಂಗುಡೆ ಸಾರು ಇರಲಿ. 40 ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು 9 ಗ್ರಾಂ ಪ್ರೊಟೀನ್ ಇದೆ, ಹೊಟ್ಟೆಯೂ ಹಿಡಿಯುತ್ತದೆ. ಪ್ರೊಟೀನ್ ಇಲ್ಲದ ಗಂಜಿ ಬೇಗ ಅರಗಿ, ಹತ್ತು ಗಂಟೆಗೆ ಚಿಪ್ಸ್ ಪೊಟ್ಟಣಕ್ಕೆ ಕೈ ಹೋಗುವಂತೆ ಮಾಡುತ್ತದೆ. ಅಕ್ಕಿಯನ್ನು ಬೇಯಿಸುವ ಮೊದಲೇ ಅಳೆಯಿರಿ: 50 ಗ್ರಾಂ ಅಂದರೆ ಸುಮಾರು 175 ಕ್ಯಾಲರಿ. ಬಿಪಿ ಮಾತ್ರೆಯನ್ನು ವೈದ್ಯರನ್ನು ಕೇಳದೆ ಬದಲಿಸಬೇಡಿ.

ಪ್ರಶ್ನೆ: ಮಲ್ಪೆ ಬೀಚ್‌ನಲ್ಲಿ ಬರಿಗಾಲಲ್ಲಿ ಓಡಲು ಶುರುಮಾಡಿದ ಮೇಲೆ ಮೀನಖಂಡ ಬಿಗಿಯುತ್ತಿದೆ. ಯಾಕೆ?
– ಓದುಗ, ಉಡುಪಿ

ಉತ್ತರ: ಸಡಿಲ ಮರಳಿನಲ್ಲಿ ಹಿಮ್ಮಡಿ ಹೂತುಹೋಗುತ್ತದೆ. ಪ್ರತಿ ಹೆಜ್ಜೆಗೂ ಮೀನಖಂಡ ಹೆಚ್ಚು ಹಿಗ್ಗಿ, ಹೆಚ್ಚು ತಳ್ಳಬೇಕು. ನೀರಿಳಿತದ ಹೊತ್ತಿಗೆ ಗಟ್ಟಿಯಾದ ಒದ್ದೆ ಮರಳಿನ ಮೇಲೆ ಓಡಿ. ಅಲ್ಲಿ ನೆಲ ಸಮುದ್ರದ ಕಡೆಗೆ ಇಳಿಜಾರು ಇರುವುದರಿಂದ ಒಂದು ಕಾಲಿಗೆ ಭಾರ ಹೆಚ್ಚು. ಹೋದಷ್ಟೇ ದೂರ ಅದೇ ದಾರಿಯಲ್ಲಿ ಹಿಂತಿರುಗಿದರೆ ಎರಡೂ ಕಾಲಿಗೆ ಸಮನಾಗುತ್ತದೆ. ಮೊದಲೆರಡು ವಾರ ಹತ್ತು ನಿಮಿಷ ಸಾಕು, ಉಳಿದದ್ದು ಶೂ ಹಾಕಿ ರಸ್ತೆಯಲ್ಲಿ. ಸಕ್ಕರೆ ಕಾಯಿಲೆ ಇದ್ದವರು ಬರಿಗಾಲಲ್ಲಿ ಬೀಚಿಗೆ ಇಳಿಯಲೇಬಾರದು. ಚಿಪ್ಪು ತಾಗಿದ ಗಾಯ ಅವರ ಗಮನಕ್ಕೇ ಬಾರದೆ ಹೋಗಬಹುದು.