ವರ್ಡ್‌ಪ್ರೆಸ್ ಸೈಟಿಗೆ ಎ/ಬಿ ಟೆಸ್ಟಿಂಗ್ ಟೂಲ್ ಜೋಡಿಸುವುದು ಹೇಗೆ?

ಇಳಕಲ್ ಸೀರೆ ಮಾರುವ ನಿಮ್ಮ ವರ್ಡ್‌ಪ್ರೆಸ್ ಸೈಟಿನಲ್ಲಿ ಯಾವ ಫೋಟೊಗೆ ಆರ್ಡರ್ ಜಾಸ್ತಿ ಬರುತ್ತದೆ ಅಂತ ಪರೀಕ್ಷೆ ಮಾಡಬೇಕು, ಅಲ್ವಾ? ಬಾಗಲಕೋಟೆಯಲ್ಲಿ ನಾನು ನೋಡಿಕೊಳ್ಳುವುದೂ ಇಂಥ ಅಂಗಡಿ ಸೈಟುಗಳನ್ನೇ.

ಹಳೇ ವಿಡಿಯೊಗಳಲ್ಲಿ ಬರುವ ಗೂಗಲ್ ಆಪ್ಟಿಮೈಜ್ ಅನ್ನೋ ಎ/ಬಿ ಟೆಸ್ಟಿಂಗ್ ಟೂಲ್ ಹುಡುಕಬೇಡಿ. ಅದು 2023ರ ಸೆಪ್ಟೆಂಬರ್‌ನಲ್ಲೇ ನಿಂತುಹೋಯಿತು. ಮೊದಲು ಮೈಕ್ರೊಸಾಫ್ಟ್ ಕ್ಲಾರಿಟಿ ಪ್ಲಗಿನ್ ಹಾಕಿ, ದುಡ್ಡು ಕೊಡಬೇಕಿಲ್ಲ. ಗಿರಾಕಿಗಳು ಎಲ್ಲಿ ಒತ್ತುತ್ತಾರೆ, ಎಲ್ಲಿಗೆ ಬಂದು ಬಿಟ್ಟುಹೋಗುತ್ತಾರೆ ಅನ್ನೋದು ಕಣ್ಣಿಗೇ ಕಾಣುತ್ತದೆ.

ಆಮೇಲೆ ಎ/ಬಿ ಟೆಸ್ಟ್. ಅರ್ಧ ಜನಕ್ಕೆ ಕೆಂಪು ಸೆರಗಿನ ಫೋಟೊ, ಉಳಿದವರಿಗೆ ಪೂರ್ತಿ ಸೀರೆ. ನೀವು ಆರಿಸಿದ ಎ/ಬಿ ಟೂಲ್ ಕೊಡುವ ಸ್ಕ್ರಿಪ್ಟ್ (ಸಣ್ಣ ಕೋಡ್) ಪುಟದ ಹೆಡ್ ಭಾಗದಲ್ಲೇ, ಅಂದರೆ ಪುಟದ ಕೋಡಿನ ಮೇಲ್ಭಾಗದಲ್ಲೇ ಇರಲಿ. ಕೆಳಗೆ ಹಾಕಿದರೆ ಹಳೇ ಫೋಟೊ ಒಮ್ಮೆ ಮಿಂಚಿ ಹೊಸದು ಬರುತ್ತದೆ, ನೋಡುವವರಿಗೆ ಕಿರಿಕಿರಿ. ಥೀಮ್ ಫೈಲಿನಲ್ಲಿ ನೇರವಾಗಿ ಬರೆಯಬೇಡಿ, ಅಪ್‌ಡೇಟ್ ಆದಾಗ ಅಳಿಸಿಹೋಗುತ್ತದೆ. ಚೈಲ್ಡ್ ಥೀಮ್ (ಮೂಲ ಥೀಮ್ ಅಪ್‌ಡೇಟ್ ಆದರೂ ನಿಮ್ಮ ಬದಲಾವಣೆ ಉಳಿಸುವ ಉಪ-ಥೀಮ್) ಇಲ್ಲವೇ ಪ್ಲಗಿನ್ ಬಳಸಿ.

ಜಾಸ್ತಿ ಜನ ಎಡವುವುದು ಕ್ಯಾಶೆಯಲ್ಲಿ, ಅಂದರೆ ಸೈಟ್ ಬೇಗ ತೆರೆಯಲಿ ಅಂತ ಪುಟದ ಪ್ರತಿ ಉಳಿಸಿಟ್ಟು ಕೊಡುವ ವ್ಯವಸ್ಥೆಯಲ್ಲಿ. ಸರ್ವರಿನಲ್ಲೇ ಪುಟ ಬದಲಿಸುವ ಪ್ಲಗಿನ್ ಆದರೆ, ಕ್ಯಾಶೆ ಒಂದೇ ಪುಟವನ್ನು ಎಲ್ಲರಿಗೂ ಕೊಟ್ಟುಬಿಡುತ್ತದೆ. ನಾನೂ ಒಂದು ವಾರ ಹೀಗೇ ಕಳೆದೆ, ಎರಡನೇ ಫೋಟೊ ಒಬ್ಬರಿಗೂ ಕಂಡಿರಲಿಲ್ಲ. ಆ ಪುಟವನ್ನು ಕ್ಯಾಶೆಯಿಂದ ಹೊರಗಿಡಿ. ಜಾವಾಸ್ಕ್ರಿಪ್ಟ್ ತಡವಾಗಿ ಲೋಡ್ ಮಾಡುವ ಆಯ್ಕೆ ಇದ್ದರೆ ಈ ಸ್ಕ್ರಿಪ್ಟಿಗೆ ವಿನಾಯಿತಿ ಕೊಡಿ.

ದಿನಕ್ಕೆ ಐವತ್ತು ಜನ ಬರುವ ಸೈಟಾದರೆ ನಾಲ್ಕು ದಿನಕ್ಕೇ ತೀರ್ಮಾನಕ್ಕೆ ಬರಬೇಡಿ, ತಿಂಗಳುಗಟ್ಟಲೆ ಬೇಕಾಗಬಹುದು.